ಮೂರು ಗೇಜಿನ ಊರಿನಲ್ಲಿ ಫೋರ್‌ಕೆ ಆಟ

ಕಂಪೌಂಡ್ ಗೋಡೆಯನ್ನು ಎದೆಮಟ್ಟಕ್ಕಿಂತ ಎತ್ತರ ಕಟ್ಟಿಸಬಾರದು. ಕಳ್ಳನಿಗೆ ನಾಲ್ಕಡಿಯೂ ಒಂದೇ, ಎಂಟಡಿಯೂ ಒಂದೇ, ಮಾತಿಗೆ ಹಾಗಲ್ಲ. ಮಿರಜಿನಲ್ಲಿ ನಮ್ಮ ಗೋಡೆ ಸರಿಯಾದ ಎತ್ತರದ್ದು. ಆಚೆ ಮಾಮಾ, ಈಚೆ ನಾನು. ಅವರ ನುಗ್ಗಿ ಗಿಡ ನಮ್ಮ ಕಡೆ ಬಾಗಿದೆ, ನಮ್ಮ ವೈಫೈ ಅವರ ಕಡೆ ಹಾದಿದೆ, ಲೆಕ್ಕ ಚುಕ್ತಾ. ಮಾಮಾ ಕುಡಚಿ ಕಡೆಯವರು, ಮಿರಜ್ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಓಣಿಗೆಲ್ಲ ಅವರು ಮಾಮಾ.

"ತಮ್ಮಾ, ಈ ಫೋರ್‌ಕೆ ಅಂದ್ರ ಏನೋ? ಹುಡುಗ ನಾಕ್ ಸಾವಿರ ಕೇಳಾಕತ್ತಾನ ಅಂತ ತಿಳದು ಹೂಂ ಅಂದಬಿಟ್ಟೆ. ಚೀಟಿ ನೋಡಿದ್ರ ಎರಡು ಲಕ್ಷ ದಾಟೇತಿ. ಇಷ್ಟ ರೊಕ್ಕಕ್ಕ ಎರಡು ಮುರ್ರಾ ಎಮ್ಮಿ ಬರ್ತಾವು."

ಚೀಟಿ ಗೋಡೆಯ ಮೇಲಿಂದ ನನ್ನ ಕೈಗೆ ಬಂತು. ಮೊಮ್ಮಗ ಇಂಜಿನಿಯರಿಂಗ್ ಓದುವವನು, ಅಕ್ಷರ ದುಂಡಗಿತ್ತು. ಹೊಸ ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್, ಆ ಬೋರ್ಡಿಗೆ ಹೊಂದುವ ಡಿಡಿಆರ್5 ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್, ಕರೆಂಟು ಹಂಚುವ ಎಸ್‌ಎಂಪಿಎಸ್, ನೀರು ಹರಿಸಿ ತಣ್ಣಗಿಡುವ ಕೂಲರ್, ಕೊನೆಗೆ ಗಾಜಿನ ಕ್ಯಾಬಿನೆಟ್, ಬಣ್ಣದ ದೀಪದ ಫ್ಯಾನುಗಳ ಸಮೇತ. ಮಾನಿಟರ್ ಮಾತ್ರ ಇರಲಿಲ್ಲ. ಹಾಲಿನಲ್ಲಿ 43 ಇಂಚಿನ ಫೋರ್‌ಕೆ ಟಿವಿ ಇದ್ದಮೇಲೆ ಮಾನಿಟರ್ ಯಾಕೆ ಎಂಬುದು ಅವನ ಹಿಶೇಬು. ಅಜ್ಜಿ ಸೀರಿಯಲ್ ನೋಡುವ ಹೊತ್ತಿನ ಬಗ್ಗೆ ಚೀಟಿಯಲ್ಲಿ ಏನೂ ಬರೆದಿರಲಿಲ್ಲ.

ಮಾಮಾಗೆ ಚುಕ್ಕಿಗಳ ಲೆಕ್ಕ ಹೇಳಿದೆ. ಈಗ ಹುಡುಗನ ಮೇಜಿನ ಮೇಲಿರುವ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಗುಣಿಸಿದರೆ ಸುಮಾರು 20 ಲಕ್ಷ 73 ಸಾವಿರ ಚುಕ್ಕಿ. ಫೋರ್‌ಕೆ ಅಂದರೆ 3840ಕ್ಕೆ 2160, ಸುಮಾರು 82 ಲಕ್ಷ 94 ಸಾವಿರ. ಸರಿಯಾಗಿ ನಾಲ್ಕು ಪಟ್ಟು. ಅಷ್ಟೂ ಚುಕ್ಕಿಗೆ ಸೆಕೆಂಡಿಗೆ ಅರವತ್ತು ಸಲ ಬಣ್ಣ ಹಚ್ಚಬೇಕು, ಇಲ್ಲದಿದ್ದರೆ ಆಟ ಕುಂಟುತ್ತದೆ.

"ಹಚ್ಚಾಂವ ಯಾರು?"

"ಗ್ರಾಫಿಕ್ಸ್ ಕಾರ್ಡ್ ರಿ ಮಾಮಾ. ಪ್ರೊಸೆಸರ್ ಬರೇ ಹೇಳ್ತೈತಿ: ಇಲ್ಲಿ ಕಾರ್ ಬಂತು, ಅಲ್ಲಿ ಗ್ವಾಡಿ ಐತಿ, ಇಂವ ಗುಂಡ ಹೊಡದ ಅಂತ. ಪರದೆ ಸಣ್ಣದಿರ್ಲಿ ದೊಡ್ಡದಿರ್ಲಿ, ಅದರ ಕೆಲಸ ಹೆಚ್ಚು ಕಮ್ಮಿ ಅಷ್ಟ. ಚುಕ್ಕಿ ನಾಕ್ ಪಟ್ಟಾದ್ರ ಬೆವರು ಇಳಿಯೂದು ಕಾರ್ಡಿಂದು."

ಮಾಮಾ ಸುಮ್ಮನೆ ಒಂದು ನುಗ್ಗಿಕಾಯಿ ಮುರಿದರು. ಆಮೇಲೆ ಅವರು ಹೇಳಿದ್ದನ್ನು ಯಾವ ಕಂಪ್ಯೂಟರ್ ಅಂಗಡಿಯವನ ಬಾಯಿಂದಲೂ ನಾನು ಕೇಳಿಲ್ಲ.

"ಹಂಗಾರ ಇದು ನಮ್ಮ ಗೂಡ್ಸ್ ಶೆಡ್ಡ ಆತು ನೋಡು. ನಾ ನೌಕರಿಗೆ ಸೇರಿದಾಗ ಮಿರಜಿಗೆ ಮೂರೂ ಗೇಜ್ ಬರ್ತಿದ್ದೂ. ಪುಣೆ ಕಡಿಂದ ಬ್ರಾಡ್ ಗೇಜ್, ಬೆಳಗಾವಿ ಹುಬ್ಬಳ್ಳಿ ಕಡಿಂದ ಮೀಟರ್ ಗೇಜ್, ಪಂಢರಪುರ ಕುರ್ಡುವಾಡಿ ಕಡಿಂದ ಸಣ್ಣ ಗಾಡಿ. ದೊಡ್ಡ ವ್ಯಾಗನ್ನಿಂದ ಇಳಿಸಿ ಸಣ್ಣ ವ್ಯಾಗನ್ನಿಗೆ ಏರಿಸಬೇಕು, ಚೀಲ ಹೊತ್ತು ಹೊತ್ತು ಹಮಾಲರ ಬೆನ್ನು ಹೋಗ್ತಿತ್ತು. ಪುಣೆಯಿಂದ ಎಷ್ಟ ಜೋರ್ ಗಾಡಿ ಬಿಡ್ರೀ, ಇಲ್ಲಿ ಸಣ್ಣ ಗಾಡಿ ಖಾಲಿ ಆಗೂತನ ಮಾಲು ಪ್ಲಾಟ್‌ಫಾರ್ಮಿನ್ಯಾಗ ಬಿದ್ದಿರೂದ. ಸಾಹೇಬರು ಬಂದ್ರ ಮೊದಲು ಕೇಳೂದು ಒಂದ: ಮಾಲು ಎಲ್ಲಿ ನಿಂತೈತಿ?"

ಅದು ಚರಿತ್ರೆಯೇ. ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ಹಳಿ 1927ರಲ್ಲಿ ಮಿರಜ್ ಮುಟ್ಟಿತ್ತು. 1970ರ ದಶಕದ ಆರಂಭದಲ್ಲಿ ಪುಣೆಯ ಹಾದಿ ಬ್ರಾಡ್ ಗೇಜ್ ಆದಮೇಲೆ ಹಲವು ವರ್ಷ ಮೂರೂ ಅಳತೆಯ ಹಳಿಗಳು ಒಂದೇ ಜಂಕ್ಷನ್ನಿನಲ್ಲಿ ಕೂಡುತ್ತಿದ್ದವು. ಇಡೀ ದೇಶದಲ್ಲಿ ಅಂಥ ಜಾಗ ಕೆಲವೇ. ಮಾಮಾ ಅಲ್ಲಿ ಕಲಿತದ್ದಕ್ಕೇ ಕಂಪ್ಯೂಟರ್ ಮಂದಿ ಬಾಟಲ್‌ನೆಕ್ ಎಂಬ ಹೆಸರಿಟ್ಟು ಗಂಟೆಗಟ್ಟಲೆ ವಿಡಿಯೊ ಮಾಡುತ್ತಾರೆ.

ಮಾಲು ಎಲ್ಲಿ ನಿಂತಿದೆ ಎಂದು ನೋಡಲು ಪೈಸೆ ಖರ್ಚಿಲ್ಲ. ಗೋಡೆ ಸುತ್ತಿಕೊಂಡು ಅವರ ಮನೆಗೆ ಹೋದೆ. ಹುಡುಗನ ಕಂಪ್ಯೂಟರ್ ಡಬ್ಬಿಯಲ್ಲಿ ಇದ್ದದ್ದು ರೈಜನ್ 5 3600, ಬಿ450 ಬೋರ್ಡು, 16 ಜಿಬಿ ರ್‍ಯಾಮು, 6 ಜಿಬಿಯ ಜಿಟಿಎಕ್ಸ್ 1660 ಸೂಪರ್ ಕಾರ್ಡು. ಪ್ರೊಸೆಸರೂ ಕಾರ್ಡೂ 2019ರ ಮಾಲು. ಫೋರ್ಜಾ ಹೊರೈಜನ್ 5 ಹಾಕಿಸಿ, ಆಟದ ಓಟವನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿಸಿ, ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಎಂದು ಹೇಳುವ ಎಫ್‌ಪಿಎಸ್ ಅಂಕಿ ಕಾಣುವಂತೆ ಇಟ್ಟು ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿದೆವು. ಅಂಕಿ ಟಣ್ಣನೆ ಜಿಗಿಯಿತು. ಚುಕ್ಕಿ ಕಡಿಮೆಯಾದ ಕೂಡಲೇ ಓಟ ಹೆಚ್ಚಿತೆಂದರೆ ಇಷ್ಟು ಹೊತ್ತು ಏದುಸಿರು ಬಿಡುತ್ತಿದ್ದದ್ದು ಕಾರ್ಡು. ವ್ಯಾಲೊರಂಟ್ ಹಾಕಿ ಅದನ್ನೇ ಮಾಡಿದರೆ ಅಂಕಿ ಕದಲಲೇ ಇಲ್ಲ. ಆ ಆಟದಲ್ಲಿ ತಡ ಪ್ರೊಸೆಸರಿನದು. ಆದರೆ ಅಲ್ಲಿ ಅಂಕಿ ಮೊದಲೇ ಅರವತ್ತರ ಎಷ್ಟೋ ಮೇಲಿತ್ತು, ಹುಡುಗನ ಮಾನಿಟರೋ ಸೆಕೆಂಡಿಗೆ ಅರವತ್ತಕ್ಕಿಂತ ಹೆಚ್ಚು ಚಿತ್ರ ತೋರಿಸದು.

"ಅಂದ್ರ ಆ ಆಟಕ್ಕ ಖರ್ಚು ಮಾಡಿದ್ರ ಕಾಣೂದ ಇಲ್ಲ?" ಅಂದರು ಮಾಮಾ. ಹುಡುಗ ಅಜ್ಜನ ಮುಖ ನೋಡಿದ. ಅಜ್ಜ ಇಷ್ಟು ಬೇಗ ತಿಳಿದುಕೊಳ್ಳುವುದು ಅವನ ಚೀಟಿಗೆ ಒಳ್ಳೆಯದಾಗಿರಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಇನ್ನೊಂದು ತಮಾಷೆ. 3200 ವೇಗದ್ದೆಂದು ಕೊಂಡ ರ್‍ಯಾಮು 2400ರಲ್ಲೇ ಓಡುತ್ತಿತ್ತು. ಕೊಂಡ ದಿನದಿಂದ ಯಾರೂ ಬಯಾಸ್‌ಗೆ ಹೋಗಿ ರ್‍ಯಾಮಿನ ಪೂರಾ ವೇಗ ಬಿಡುವ ಎಕ್ಸ್‌ಎಂಪಿ ಆನ್ ಮಾಡಿರಲಿಲ್ಲ. ಆನ್ ಮಾಡಿದೆವು, ಬಿಟ್ಟಿ ಲಾಭ. ಆಮೇಲೆ ಕ್ಯಾಬಿನೆಟ್ಟಿನ ಬಾಜು ಬಿಚ್ಚಿದರೆ ಪ್ರೊಸೆಸರಿನ ಫ್ಯಾನಿನ ಕೆಳಗೆ ಧೂಳು ಕಂಬಳಿ ಹಾಸಿ ಮಲಗಿತ್ತು. ಮಾಮಾ ಸೈಕಲ್ ಪಂಪ್ ತಂದರು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಗಾಳಿ ಹೊಡೆಯಬೇಕು, ಬಿಟ್ಟರೆ ಅದು ಗರಗರ ತಿರುಗಿ ಬೇರಿಂಗ್ ಹಾಳಾದೀತು. ಹುಡುಗ ಹಿಡಿದ, ಮಾಮಾ ಹೊಡೆದರು, ಮಾಮಿ ಸೆರಗು ಮೂಗಿಗೆ ಹಚ್ಚಿಕೊಂಡು ಇಬ್ಬರನ್ನೂ ಬೈದರು.

ಈಗ ಟಿವಿಯ ಮಾತು. ನನ್ನ ಮಟ್ಟಿಗೆ ಮೊದಲು ಹಿಡಿಯಬೇಕಾದದ್ದು ಕಾರ್ಡನ್ನಲ್ಲ, ಟೇಪನ್ನು. ಕೂತ ಜಾಗದಿಂದ ಪರದೆ ಎಷ್ಟು ದೂರ? ಹಾಲಿನ ಸೋಫಾದಿಂದ ಟಿವಿಗೆ ಎಂಟು ಅಡಿ. ನೆಟ್ಟಗಿರುವ ಕಣ್ಣು ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವೆ ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನವಾದರೂ ಬೇಕು. 43 ಇಂಚಿನ ಫೋರ್‌ಕೆ ಪರದೆಯಲ್ಲಿ ಒಂದು ಚುಕ್ಕಿಯ ಅಗಲ ಕಾಲು ಮಿಲಿಮೀಟರು. ಮೂರಡಿಯಿಂದ ಆಚೆ ಹೋದರೆ ಅದು ಪಕ್ಕದ್ದರಲ್ಲಿ ಕಲೆತುಹೋಗುತ್ತದೆ. ಎಂಟಡಿ ದೂರಕ್ಕೆ ಅದೇ ಅಳತೆಯ ಹಳೆಯ 1080 ಟಿವಿ ಇಟ್ಟರೂ ಚುಕ್ಕಿ ಎಣಿಸಲಾಗದು. ಇನ್ನೂ ಒಂದು ಮೋಜಿದೆ. ಹುಡುಗನ ಮೇಜಿನ ಮೇಲಿನ 21.5 ಇಂಚಿನ ಪರದೆಯನ್ನು ನಾಲ್ಕು ತಂದು ಎರಡರ ಮೇಲೆ ಎರಡು ಜೋಡಿಸಿದರೆ ಸರಿಯಾಗಿ ಈ ಟಿವಿಯೇ ಆಗುತ್ತದೆ. ಎರಡರ ಚುಕ್ಕಿಯೂ ಒಂದೇ ಗಾತ್ರ. ಎರಡು ಲಕ್ಷ ಸುರಿದು ಎಂಟಡಿ ಹಿಂದೆ ಸರಿದು ಕೂತರೆ, ಮೊದಲು ಮೇಜಿನ ಹತ್ತಿರ ಕಾಣುತ್ತಿದ್ದ ಅಂಚೂ ಕಾಣದು.

"ಸೋಫಾ ಮುಂದ ಎಳೀತೀನಿ ಕಾಕಾ" ಅಂದ ಹುಡುಗ.

"ಎಳದ ನೋಡು" ಎಂಬ ದನಿ ಅಡುಗೆಮನೆಯಿಂದ ಬಂತು. ಟಿವಿಯ ವಿಷಯ ಅಲ್ಲಿಗೆ ಮುಗಿಯಿತು.

ಮೇಜಿನ ಮುಂದೆ ಎರಡೂವರೆ ಅಡಿಯಲ್ಲಿ ಕೂರುವವನಿಗೆ 27 ಇಂಚಿನ 1440 ಪರದೆ ಹದವಾದದ್ದು. ಅಡ್ಡಕ್ಕೆ 2560, ಉದ್ದಕ್ಕೆ 1440, ಒಟ್ಟು 36 ಲಕ್ಷ 86 ಸಾವಿರ ಚುಕ್ಕಿ. ಕಾರ್ಡಿನ ಹೊರೆ ಈಗಿನದರ ಎರಡು ಪಟ್ಟನ್ನೂ ಮುಟ್ಟದು. ಹುಡುಗ ಸೋಲಲಿಲ್ಲ. ಡಿಎಲ್‌ಎಸ್‌ಎಸ್ ಇದೆಯಲ್ಲ ಎಂದ. ಇದೆ. ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಆ ಯುಕ್ತಿಯಿಂದ ಫೋರ್‌ಕೆ ಚಿತ್ರವನ್ನು ಪರ್ಫಾರ್ಮೆನ್ಸ್ ಮೋಡಿನಲ್ಲಿ 1080ರಲ್ಲೇ ಬಿಡಿಸಿ, ಉಳಿದ ಚುಕ್ಕಿಗಳನ್ನು ಅಂದಾಜಿನಿಂದ ತುಂಬುತ್ತಾರೆ.

"ಅಂದ್ರ ಕಾಲು ಭಾಗ ದುಡದು ಪೂರಾ ಪಗಾರ ಎಣಿಸೂದು" ಅಂದರು ಮಾಮಾ. "ನಮ್ಮಲ್ಲೂ ಅಂಥಾವರು ಇದ್ರು."

ಚೀಟಿಯ ಮೇಲೆ ನಾನು ಗೆರೆ ಎಳೆಯುತ್ತ ಹೋದೆ. ಪ್ರೊಸೆಸರ್, ಬೋರ್ಡು, ರ್‍ಯಾಮು ಮೂರಕ್ಕೂ ಒಂದೇ ಗೆರೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ, ರ್‍ಯಾಮಿನ ಬೆಲೆ ಗಗನಕ್ಕೇರಿದೆ. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಇಂಥ ಹೊತ್ತಿನಲ್ಲಿ ಡಿಡಿಆರ್5ಗೆ ಹಾರುವುದು ಉಳ್ಳಾಗಡ್ಡಿ ತುಟ್ಟಿಯಾದಾಗಲೇ ಮದುವೆ ಇಟ್ಟುಕೊಂಡಂತೆ. ಅದೂ ಅಲ್ಲದೆ ಅವನ ಬಿ450 ಬೋರ್ಡಿಗೆ ಬಯಾಸ್ ಅಪ್‌ಡೇಟ್ ಹಾಕಿದರೆ ರೈಜನ್ 5000 ಸಾಲಿನ ಪ್ರೊಸೆಸರ್ ಕೂರುತ್ತದೆ. ಮುಂದೊಂದು ದಿನ ಬೇಕೆನಿಸಿದರೆ ಅದೊಂದನ್ನೇ ಬದಲಿಸಿದರಾಯಿತು.

ಕಾರ್ಡಿಗೆ ಗೆರೆ ಎಳೆಯಲಿಲ್ಲ. ಅವನು ಬರೆದದ್ದು ಆರ್‌ಟಿಎಕ್ಸ್ 5070. 2025ರ ಜನವರಿಯಲ್ಲಿ ಎನ್ವಿಡಿಯಾ ಭಾರತಕ್ಕೆ ಹೇಳಿದ ದರ 59,000 ರೂಪಾಯಿ. ಮಾಮಾ ಸುಸ್ತಾದರು, ಅದೇ ದಿನ 5090ಗೆ 2,14,000 ಅಂದಿದ್ದರು ಎಂದಮೇಲೆ ಸ್ವಲ್ಪ ಚೇತರಿಸಿಕೊಂಡರು. ನನ್ನ ಶರತ್ತು ಎರಡು. ಕಾರ್ಡಿನ ಸ್ವಂತ ಮೆಮೊರಿ 12 ಜಿಬಿಗಿಂತ ಕಡಿಮೆ ಇರಬಾರದು. ಈಗಿನ ದೊಡ್ಡ ಆಟಗಳಿಗೆ ಮೇಲಿನ ರೆಸಲ್ಯೂಷನ್ನಿನಲ್ಲಿ 8 ಜಿಬಿ ಸಾಲದೆ ಆಟ ತಡೆತಡೆದು ಓಡುತ್ತದೆ. ಎರಡನೆಯದು, ಬಿ450 ಬೋರ್ಡಿನದು ಪಿಸಿಐಇ 3ರ ಹಳೆಯ ಹಾದಿ. ಎಂಟೇ ಲೇನ್ ಬಳಸುವ ಅಗ್ಗದ ಕಾರ್ಡು ಅಲ್ಲಿ ಇನ್ನಷ್ಟು ಸೊರಗುತ್ತದೆ, ಆದ್ದರಿಂದ ಹದಿನಾರು ಲೇನಿನದೇ ಇರಲಿ.

"ಕೊಲ್ಹಾಪುರದಾಗ ಒಬ್ಬಾಂವ 3080 ಸೆಕೆಂಡ್ ಹ್ಯಾಂಡ್ ಕೊಡ್ತಾನಂತ, ಲೈ ಸ್ವಸ್ತ" ಅಂದ ಹುಡುಗ. ಅವನ ಕನ್ನಡದಲ್ಲಿ ಮೂರಕ್ಕೊಂದು ಪದ ಮರಾಠಿ. ಮಿರಜಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 3080 ಗಟ್ಟಿ ಕಾರ್ಡೇ, ಆದರೆ 2020ರದು. 10 ಜಿಬಿ ಮೆಮೊರಿ, 320 ವ್ಯಾಟಿನ ಹಸಿವು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರಿನಲ್ಲಿ ನಿಂತಾಗ ಹಗಲು ರಾತ್ರಿ ಕಾದು ಬೆಂದ ಎಷ್ಟೋ ಕಾರ್ಡುಗಳು ಮಾರುಕಟ್ಟೆಗೆ ಬಂದು ಬಿದ್ದವು. ಬಿಲ್ಲಿಲ್ಲ, ವಾರಂಟಿಯಿಲ್ಲ ಎಂದರೆ ಸ್ವಸ್ತವೂ ದುಬಾರಿಯೇ.

ಎಸ್‌ಎಂಪಿಎಸ್ ಬದಲಿಸಲೇಬೇಕು. ಈಗಿನ ಕಾರ್ಡು ಎಳೆಯುವುದು 125 ವ್ಯಾಟು, 5070 ಎಳೆಯುವುದು 250. ಕಂಪನಿಯೇ 650 ವ್ಯಾಟಿನ ಎಸ್‌ಎಂಪಿಎಸ್ ಕೇಳುತ್ತದೆ. ಇವನದು 450. ಅದರ ಕೆಳಗಿರುವ ಪುಟ್ಟ ಯುಪಿಎಸ್ಸು 600 ವಿಎ, ಅಂದರೆ ಕೊಡುವುದು 360 ವ್ಯಾಟಿನ ಸುತ್ತ. ಆಟದ ನಡುವೆ ಕರೆಂಟು ಹೋದರೆ ಅದು ಒಮ್ಮೆ ಕೀಂಯ್ ಅಂದು ತಾನೂ ಹೋಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಮಾಮಾ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಪೆನ್ಸಿಲ್ ಹಿಡಿದರು. ಎಲ್ಲ ಸೇರಿ 400 ವ್ಯಾಟು, ದಿನಕ್ಕೆ ನಾಲ್ಕು ತಾಸು, 1.6 ಯುನಿಟ್ಟು, ತಿಂಗಳಿಗೆ 48. "ಬ್ಯಾಸಗಿಯೊಳಗ ಎಸಿ ಹಚ್ಚಿದಾಗ ಮೊದಲ ನಾವು ಮುನ್ನೂರರ ಬುಡಕ್ಕ ಇರ್ತೀವಿ. ಈ ನಲವತ್ತೆಂಟು ಮುನ್ನೂರರ ಮ್ಯಾಲಿನ ಸ್ಲ್ಯಾಬಿಗೆ ಬೀಳ್ತಾವು. ನಾಕ್ ತಾಸ ಯಾಕ? ಎರಡ ತಾಸ ಆಡು." ವಿದ್ಯುತ್ ದರದ ಕಾಗದ ಓದಿಕೊಂಡ ಮುದುಕರ ಜತೆ ವಾದಕ್ಕೆ ಇಳಿಯಬಾರದು.

ಡಬ್ಬಿ ಎಲ್ಲಿ ಇಡುವುದು ಎಂಬುದೂ ಈ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. 2019ರ ಆಗಸ್ಟಿನಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿ ದಾಟಿದ್ದಳು. ಅಲ್ಲಿ ಅಪಾಯದ ಗುರುತು 45 ಅಡಿಗೆ. ಗಾಂವಭಾಗದಲ್ಲಿರುವ ಮಾಮಾನ ಮಗಳ ಮನೆಯ ನೆಲಮಾಳಿಗೆ ನೀರಲ್ಲಿ ನಿಂತಿತ್ತು. ಅಂದಿನಿಂದ ಕರೆಂಟಿನ ಸಾಮಾನು ಎಂದರೆ ಮಾಳಿಗೆಗೆ ಎಂಬುದು ಈ ಮನೆತನದ ಕಾನೂನು. ಮಾಳಿಗೆಯ ಕೋಣೆಯೋ ಮೇ ತಿಂಗಳಲ್ಲಿ ರೊಟ್ಟಿಯ ಹಂಚು. ಕಾರ್ಡು ಎಂಬತ್ತು ಡಿಗ್ರಿ ದಾಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಕೊಟ್ಟ ದುಡ್ಡಿನಷ್ಟು ಓಡುವುದಿಲ್ಲ. ನಾವು ನಡುವಿನ ದಾರಿ ಹಿಡಿದೆವು: ಡಬ್ಬಿ ಮಿರಜಿನ ಈ ಮನೆಯಲ್ಲೇ ಕೆಳಗಿರಲಿ, ಆದರೆ ಮೇಜಿನ ಮೇಲೆ, ಕಿಟಕಿಯ ಪಕ್ಕ.

ಉಳಿದದ್ದು ಕ್ಯಾಬಿನೆಟ್. ಹೊಸ ಕಾರ್ಡುಗಳು ಉದ್ದ, ಕೆಲವು ಒಂದಡಿ ಮುಟ್ಟುತ್ತವೆ. ಮಾಮಾ ಟೇಪ್ ಹಿಡಿದರು. ಹಳೆಯ ಹಾರ್ಡ್ ಡಿಸ್ಕ್ ಕೂರಿಸುವ ತಗಡಿನ ಕಪಾಟು ಅಡ್ಡ ಬರುತ್ತಿತ್ತು. ಎಸ್‌ಎಸ್‌ಡಿ ಬಂದಮೇಲೆ ಅದು ಖಾಲಿಯೇ ಇದೆ. ನಾಲ್ಕು ಸ್ಕ್ರೂ ತೆಗೆದರೆ ಕಪಾಟೇ ಹೊರಗೆ, ಕಾರ್ಡು ಆರಾಮಾಗಿ ಒಳಗೆ.

"ಆತಲ್ಲ! ಹಂಗಾರ ಹೊಸ ಕ್ಯಾಬಿನೆಟ್ಟೂ ಬ್ಯಾಡ" ಎಂದು ಮಾಮಾ ತಾವೇ ಗೆರೆ ಎಳೆದರು. ನೀರಿನ ಕೂಲರಿಗೂ ಅದೇ ಗೆರೆ ಮುಂದುವರಿಯಿತು.

ಪ್ರೊಸೆಸರ್ ಹೋದಾಗ ಹುಡುಗ ಸುಮ್ಮನಿದ್ದ, ರ್‍ಯಾಮು ಹೋದಾಗ ತಲೆ ಅಲ್ಲಾಡಿಸಿದ್ದ, ಫೋರ್‌ಕೆಯನ್ನೇ ಬಿಟ್ಟುಕೊಟ್ಟಾಗಲೂ ಇಷ್ಟು ಬಾಡಿರಲಿಲ್ಲ. ಗಾಜಿನ ಡಬ್ಬಿ ಹೋಯಿತು ಎಂದಾಗ ಮಾತ್ರ ಮುಖ ಸಣ್ಣದಾಯಿತು. "ದೋಸ್ತರೆಲ್ಲಾರ ಕಡೆ ಲೈಟಿಂದು ಐತಿ ಅಜ್ಜಾ."

"ಲೈಟಿನಿಂದ ಆಟ ಜೋರ್ ಓಡ್ತೈತೇನ ತಮ್ಮಾ?" ಎಂದು ಮಾಮಾ ನನ್ನತ್ತ ತಿರುಗಿದರು. ಇಲ್ಲ ಎನ್ನಬೇಕಾಯಿತು.

ಮಾಮಿ ಭಡಂಗ ಚುರುಮುರಿಯ ತಾಟು ಹಿಡಿದು ಹೊರಬಂದರು. "ನೀವು ಎಪ್ಪತ್ತೆಂಟು ವರ್ಷದಾವರು ದೀಪಾವಳಿಗೆ ಆಕಾಶಬುಟ್ಟಿ ಕಟ್ಟಾಕ ಪುಣೆದಿಂದ ಬಣ್ಣದ ಕಾಗದ ತರಸ್ತೀರಿ. ಅದರಿಂದ ಮನಿ ಏನು ಜೋರ್ ಓಡ್ತೈತಿ? ಒಳಗಿಂದು ನೀವು ನೋಡ್ಕೋರಿ. ಲೈಟಿನ ಡಬ್ಬಿ ನಾ ಕೊಡಸ್ತೀನಿ, ನನ್ನ ರೊಕ್ಕದಾಗ." ತಾಟು ಹುಡುಗನ ಮುಂದೆ ಮೊದಲು ಇಟ್ಟರು. ಅವನು ಒಂದು ಮುಕ್ಕು ಬಾಯಿಗೆ ಹಾಕಿಕೊಂಡು, ಗೆರೆ ಎಳೆದ ಸಾಲಿನ ಕೆಳಗೆ ಕ್ಯಾಬಿನೆಟ್ಟಿನ ಹೆಸರನ್ನು ಮತ್ತೆ ಬರೆದ, ಈ ಸಲ ಫ್ಯಾನುಗಳ ಸಂಖ್ಯೆಯನ್ನು ಮೂರರಿಂದ ಆರಕ್ಕೆ ಏರಿಸಿ.