ತಟ್ಟೆಯಲ್ಲಿ ಕೂರದ ಸರಕು

ದುರ್ಬಲ ಬಲದ ವಾಹಕವಾದ ಡಬ್ಲ್ಯೂ ಬೋಸಾನ್ ಎಂಬ ಮೂಲಕಣವು ಪ್ರೋಟಾನಿಗಿಂತ ಸುಮಾರು 86 ಪಟ್ಟು ಭಾರವಾಗಿದ್ದು, 1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪತ್ತೆಯಾದಂದಿನಿಂದ ಅದನ್ನು ತೂಗುವ ಕೆಲಸ ಮುಗಿದೇ ಇಲ್ಲ. ಫರ್ಮಿಲ್ಯಾಬ್ ಎಂಬ ಕಣಭೌತ ಪ್ರಯೋಗಾಲಯ ಇರುವ ಅಮೆರಿಕದ ಬಟೇವಿಯಾ ಊರಿನ ದಿನಸಿ ಅಂಗಡಿಯೊಂದರಲ್ಲಿ ಈ ವಿಚಾರ ಎದ್ದಿದ್ದರೆ ಮಾತುಕತೆ ಹೀಗೆ ಸಾಗುತ್ತಿತ್ತೇನೋ.

ಅಂಗಡಿಯವ: ಈ ಸರಕು ತಟ್ಟೆಯಲ್ಲಿ ಎಷ್ಟು ಹೊತ್ತು ಕೂರುತ್ತದೆ?

ಸಂಶೋಧಕಿ: ಕೂರುವುದೇ ಇಲ್ಲ, ಬೆಳಕು ಒಂದು ಪ್ರೋಟಾನಿನ ಅಗಲವನ್ನು ದಾಟುವುದರೊಳಗೆ ಅದು ಒಡೆದು, ಕೆಲವು ಸಲ ಮ್ಯುವಾನ್, ಅಂದರೆ ಎಲೆಕ್ಟ್ರಾನಿನ ದಢೂತಿ ಅಣ್ಣ, ಮತ್ತು ನ್ಯೂಟ್ರಿನೊ ಎಂಬ ಎರಡು ಕಣಗಳಾಗುತ್ತದೆ.

ಅಂಗಡಿಯವ: ಎರಡನ್ನೂ ತೂಗಿ ಕೂಡಿಸಿದರಾಯಿತು.

ಸಂಶೋಧಕಿ: ಬೋಸಾನಿನ ದ್ರವ್ಯರಾಶಿಯ ಬಹುಪಾಲು ಆ ಕಣಗಳ ಚಲನೆಯ ಶಕ್ತಿಯಾಗಿ ಮಾರ್ಪಟ್ಟಿರುವುದರಿಂದ ಹಾಗೆ ಕೂಡಿಸಲಾಗದು, ಕಾಂತಕ್ಷೇತ್ರದಲ್ಲಿ ಮ್ಯುವಾನಿನ ದಾರಿ ಎಷ್ಟು ಬಾಗಿತೆಂಬುದರಿಂದ ಅದರ ಸಂವೇಗ ತಿಳಿಯುತ್ತದೆ, ನ್ಯೂಟ್ರಿನೊ ಮಾತ್ರ ಅಲ್ಲಿನ ಯಾವ ಉಪಕರಣಕ್ಕೂ ಸಿಗದೆ ಗೋಡೆ ತೂರಿ ಹೋಗಿಬಿಡುತ್ತದೆ.

ಅಂಗಡಿಯವ: ಅರ್ಧ ಸರಕು ಕಳುವಾದ ಮೇಲೂ ಬಿಲ್ಲು ಬರೆಯುವ ವ್ಯಾಪಾರ ಇದೊಂದೇ ಇರಬೇಕು!

ಸಂಶೋಧಕಿ: ಬೋಸಾನನ್ನು ಹುಟ್ಟಿಸುವ ಕಣಗಳ ಘರ್ಷಣೆಗೆ ಮೊದಲು ಆ ಕಣಗಳ ದಾರಿಗೆ ಅಡ್ಡ ದಿಕ್ಕಿನ ಸಂವೇಗ ಹೆಚ್ಚುಕಡಿಮೆ ಸೊನ್ನೆ, ಆದ್ದರಿಂದ ಆಮೇಲೆ ಕಂಡ ಕೊರತೆಯನ್ನು ಕಳ್ಳನ ಲೆಕ್ಕಕ್ಕೆ ಬರೆಯಲಾಗುತ್ತದೆ. ಒಂದೇ ಘಟನೆಯಿಂದ ತೂಕ ಹೊರಡದಿದ್ದರೂ ಲಕ್ಷಾಂತರ ಘಟನೆಗಳ ಹಂಚಿಕೆಯ ಆಕಾರದಿಂದ ಹೊರಡುತ್ತದೆ. 2022ರಲ್ಲಿ ಇಲ್ಲಿಯ ಸಿಡಿಎಫ್ ತಂಡವು ಸುಮಾರು 42 ಲಕ್ಷ ಘಟನೆಗಳನ್ನು ಜಾಲಾಡಿ 80,433.5 ಎಂಇವಿ ಎಂದಿತು, 9.4ರಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್.

ಅಂಗಡಿಯವ: ಸಿದ್ಧಾಂತದ ದರಪಟ್ಟಿಯಲ್ಲಿ ಎಷ್ಟಿದೆ?

ಸಂಶೋಧಕಿ: ಸುಮಾರು 80,357.

ಅಂಗಡಿಯವ: ತಕ್ಕಡಿಗೆ ಕಲ್ಲು ಇಟ್ಟು ನೋಡಿದ್ದರೋ ಇಲ್ಲವೋ?

(ಎರಡು ಅಂಕಿಗಳು ಹೊಂದದಾಗ ಪ್ರಕೃತಿಗಿಂತ ಮೊದಲು ತಕ್ಕಡಿಯನ್ನು ಶಂಕಿಸುವುದರಲ್ಲಿ ಅಂಗಡಿಯವನೂ ಭೌತವಿಜ್ಞಾನಿಯೂ ಒಂದೇ ಜಾತಿಯವರು.)

ಸಂಶೋಧಕಿ: ತೂಕ ಮೊದಲೇ ಖಚಿತವಾಗಿರುವ ಜೆ-ಸೈ, ಅಪ್ಸಿಲಾನ್ ಕಣಗಳೇ ಕಲ್ಲುಗಳಾಗಿದ್ದವು, ಜೆಡ್ ಬೋಸಾನಿನೊಡನೆಯೂ ತಾಳೆ ನೋಡಲಾಗಿತ್ತು. ಆದರೂ 2024ರಲ್ಲಿ ಸರ್ನಿನ ಸಿಎಂಎಸ್ ತಂಡವು ಹೆಚ್ಚುಕಡಿಮೆ ಅಷ್ಟೇ ಸೂಕ್ಷ್ಮವಾಗಿ ತೂಗಿ 80,360.2 ಎಂದುಬಿಟ್ಟಿತು.

ಅಂಗಡಿಯವ: ಇಲ್ಲಿಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಬಾರದೇ?

ಸಂಶೋಧಕಿ: ಸಿಡಿಎಫ್‌ಗೆ ಘರ್ಷಣೆಗಳನ್ನು ಒದಗಿಸುತ್ತಿದ್ದ ಟೆವಟ್ರಾನ್ ಯಂತ್ರ 2011ರಲ್ಲೇ ನಿಂತುಹೋಗಿದೆ.

ಅಂಗಡಿಯವ: ಸಾವಿರ ಪೌಂಡಿಗೆ ಒಂದು ಪೌಂಡೂ ಆಗದ ಈ ವ್ಯತ್ಯಾಸ ಈರುಳ್ಳಿ ಸಿಪ್ಪೆಯಲ್ಲೇ ಉದುರಿಹೋಗುತ್ತದೆ! ಎರಡೂ ತಕ್ಕಡಿಗಳನ್ನು ಈ ಅಂಗಡಿಗೆ ಕಳುಹಿಸಿಬಿಡಲಿ. ಕೊಳ್ಳುವಾಗ ಸಿಎಂಎಸ್, ಮಾರುವಾಗ ಸಿಡಿಎಫ್.