ಗುಹೆಯಿಂದ ಇನ್ನೂ ಹೊರಗೆ ಬಂದಿಲ್ಲ

ಕಳಸದ ಕಡೆಯವರು ಮಳೆಗಾಲಕ್ಕೆಂದು ಪತ್ತೇದಾರಿ ಕಾದಂಬರಿ ತಂದಿಟ್ಟುಕೊಳ್ಳಬಾರದು. ಆರಿದ್ರೆಯಲ್ಲಿ ಶುರು ಮಾಡಿದರೆ ಆರಿದ್ರೆಯಲ್ಲೇ ಕೊಲೆಗಾರ ಸಿಕ್ಕಿಬೀಳುತ್ತಾನೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಮಳೆಗಳು ಇನ್ನೂ ಸಾಲುಗಟ್ಟಿ ನಿಂತಿರುತ್ತವೆ. ಕರೆಂಟು ಹೋಗಿರುತ್ತದೆ, ಭದ್ರೆ ಕೆಂಪಾಗಿರುತ್ತದೆ, ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿಗೆ ಹೊರಟವರು ಸುತ್ತುದಾರಿ ಹುಡುಕುತ್ತಿರುತ್ತಾರೆ. ಇಂಥ ಹೊತ್ತಿನಲ್ಲಿ ಬೇಕಾದ್ದು ಮುಗಿಯದ ಕಥೆ. ನನಗೆ ಅದು ಸಿಕ್ಕಿದ್ದು ಚೀನಾದಿಂದ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಊರಿಗೆ ಬಂದಾಗ, "ಮಾವ, ಇದು ನಿಮಗೆ ಹೇಳಿ ಮಾಡಿಸಿದ್ದು" ಎಂದು ಇಂಗ್ಲಿಷ್ ಅನುವಾದವೊಂದನ್ನು ಮೊಬೈಲಿನಲ್ಲಿ ತೆರೆದುಕೊಟ್ಟು ಹೋದ. ವಾಂಗ್ ಯು ಎಂಬ ಹೆಸರಿನಲ್ಲಿ ಬರೆಯುವ ಲೇಖಕ 2008ರಲ್ಲಿ ಶುರು ಮಾಡಿ 2013ರಲ್ಲಿ ಮುಗಿಸಿದ ಕಥೆ. ಅಧ್ಯಾಯಗಳು 2,400ಕ್ಕೂ ಹೆಚ್ಚು. ನಾಯಕ ಹಾನ್ ಲಿ ಬಡ ಹಳ್ಳಿಯ ಹುಡುಗ, ರೂಪ ಸಾಧಾರಣ, ಪ್ರತಿಭೆ ಅದಕ್ಕಿಂತ ಸಾಧಾರಣ. ಸಾಧನೆ ಮಾಡಿ ಅಮರನಾಗಬೇಕೆಂಬುದು ಅವನ ಹಟ. ಮೊದಲ ಮೆಟ್ಟಿಲಾದ ಪ್ರಾಣಶಕ್ತಿ ಕೂಡಿಸುವುದರಲ್ಲೇ ಹದಿಮೂರು ಹಂತ. ಅದಾದ ಮೇಲೆ ಬುನಾದಿ, ಆಮೇಲೆ ಹೊಟ್ಟೆಯೊಳಗೊಂದು ಚಿನ್ನದ ಗುಂಡು, ಆಮೇಲೆ ಆ ಗುಂಡೊಡೆದು ಶಿಶು. ಪ್ರತಿ ಮೆಟ್ಟಿಲಿಗೂ ಅವನು ಗುಹೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ.

"ಏನ್ರೀ, ಅವನು ಗುಹೆಯಿಂದ ಹೊರಗೆ ಬಂದ್ನೋ ಇಲ್ವೋ?" ಎಂದು ಒಳಗಿನಿಂದ ಹೆಂಡತಿ.

"ಇನ್ನೂ ಇಲ್ಲ ಮಾರಾಯ್ತಿ. ಗುಳಿಗೆ ಕಾಯಿಸ್ತಿದಾನೆ."

"ಬಂದ ಮೇಲೆ ಹೇಳಿ. ಇಬ್ಬರಿಗೂ ಒಟ್ಟಿಗೇ ಕಾಫಿ ಇಡ್ತೀನಿ."

ನಮ್ಮ ಪುರಾಣಗಳಲ್ಲಿ ಸಾವಿರ ವರ್ಷದ ತಪಸ್ಸು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ವಿಶ್ವಾಮಿತ್ರ ಕಣ್ಣು ಮುಚ್ಚಿ ಪುಟ ತಿರುಗಿಸುವಷ್ಟರಲ್ಲಿ ಮೇನಕೆ ಹಾಜರು. ತಪಸ್ಸಿನ ಖರ್ಚುವೆಚ್ಚ ಬರೆದಿಡಬೇಕೆಂದು ಯಾವ ಋಷಿಗೂ ಹೊಳೆಯಲಿಲ್ಲ. ಹಾನ್ ಲಿ ಮಾತ್ರ ಪಕ್ಕಾ ಲೆಕ್ಕದ ಆಸಾಮಿ. ಯಾವ ಬೇರು ಎಷ್ಟು ವರ್ಷ ಹಳೆಯದು, ಕೈಯಲ್ಲಿ ಎಷ್ಟು ಶಕ್ತಿಕಲ್ಲು ಉಳಿದಿದೆ, ಸಂತೆಯಲ್ಲಿ ಯಾವುದನ್ನು ತೋರಿಸಬಹುದು, ಯಾವುದನ್ನು ಬಾರದು, ಎಲ್ಲವೂ ಅವನಿಗೆ ಬಾಯಿಪಾಠ. ಎದುರಾಳಿ ತನಗಿಂತ ಗಟ್ಟಿ ಎನಿಸಿದರೆ ವೀರಾವೇಶದ ಮಾತಿಲ್ಲ, ಓಟ. ಗೆದ್ದರೆ ಮೊದಲು ಸತ್ತವನ ಚೀಲ ಬಿಚ್ಚಿ ಎಣಿಕೆ. ಇಂಥ ನಾಯಕನನ್ನು ಬೇರೆ ಊರಿನವರು ಜಿಪುಣ ಎಂದಾರು. ನಮ್ಮಲ್ಲಿ ಇವನಿಗೆ ಹೆಣ್ಣು ಕೊಡಲು ಕ್ಯೂ ನಿಲ್ಲುತ್ತಾರೆ.

ನಿಧಾನ ಎಂದು ದೂರುವವರು ರೊಬಸ್ಟಾ ಬೆಳೆದು ನೋಡಬೇಕು. ಸಸಿ ನೆಟ್ಟರೆ ಫಸಲಿನ ಮುಖ ಕಾಣಲು ಮೂರು-ನಾಲ್ಕು ವರ್ಷ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಹಣ್ಣು ಕುಯ್ಯುವುದು ಬರುವ ಜನವರಿಗೆ. ನಡುವೆ ಮರಗಸಿ, ಕಪಾತು, ಚಿಗುರು ತೆಗೆಯುವುದು. ಇವುಗಳಲ್ಲಿ ಒಂದಾದರೂ ರೋಚಕವೇ? ಮೂಡಿಗೆರೆಯಲ್ಲಿದ್ದ ತೇಜಸ್ವಿಯವರು ಒಂದು ಹಾರುವ ಓತಿಗಾಗಿ ‘ಕರ್ವಾಲೋ’ದ ಉದ್ದಕ್ಕೂ ನಮ್ಮನ್ನು ಕಾಡು ಅಲೆಸಿದರು. ಕೊನೆಗೆ ಓತಿ ಹಾರಿಯೇ ಹೋಯಿತು. ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಎಳೆದಾಟ ಇಲ್ಲವೆಂದಲ್ಲ. ಅಲ್ಲಿನ ಇಂಟರ್ನೆಟ್ ಕಾದಂಬರಿಗಳಿಗೆ ಓದುಗರು ಹಣ ಕಟ್ಟುವುದು ಸಾವಿರ ಅಕ್ಷರಕ್ಕೆ ಇಷ್ಟು ಎಂಬ ದರದಲ್ಲಿ. ಲೇಖಕನ ಪಾಲೂ ಅದರಿಂದಲೇ. ಕೆಜಿ ಲೆಕ್ಕದಲ್ಲಿ ಕುಯ್ಲು ಮಾಡಿಸಿದಾಗ ಚೀಲದಲ್ಲಿ ಹಣ್ಣಿನ ಜೊತೆ ಒಂದಿಷ್ಟು ಎಲೆ, ಒಂದಿಷ್ಟು ಹಸಿಕಾಯಿ ಬಂದೇ ಬರುತ್ತದಲ್ಲ, ಹಾಗೆ ಇಲ್ಲೂ. ಯಾರೋ ಬಾಣ ಬಿಟ್ಟರೆ ಸುತ್ತ ನಿಂತವರೆಲ್ಲ ಬೆರಗಾಗುವುದಕ್ಕೆ ಒಂದು ಪುಟ. ನಾನು ಎಲೆ ಆರಿಸಿ ಬಿಸಾಡುತ್ತ ಓದುತ್ತೇನೆ.

ಹಾನ್ ಲಿಯ ನಿಜವಾದ ಆಸ್ತಿ ಒಂದು ಪುಟ್ಟ ಹಸಿರು ಸೀಸೆ. ರಾತ್ರಿಯ ಬೆಳಕು ಹೀರಿ ಅದರಲ್ಲಿ ಒಂದು ಹನಿ ಕೂಡುತ್ತದೆ. ಆ ಹನಿ ಬಿದ್ದರೆ ಎಳೆ ಗಿಡವೂ ವರ್ಷಗಟ್ಟಲೆ ಬಲಿತ ಮೂಲಿಕೆ. ಅದನ್ನು ಅವನು ಎದೆಯಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಾನೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದರೆಂಬ ಪ್ರತೀತಿಯ ಮೇಲೆ ಬದುಕುವ ಜಿಲ್ಲೆ ನಮ್ಮದು. ಹಾಗಾಗಿ ಸೀಸೆಯ ಸುದ್ದಿಯನ್ನು ಪಕ್ಕದ ತೋಟದ ಗೌಡರಿಗೆ ಹೇಳದೆ ಇರಲಾಗಲಿಲ್ಲ. ಅವರು ಸೊರಗು ರೋಗಕ್ಕೆ ಮೆಣಸಿನ ಬಳ್ಳಿ ಕಳೆದುಕೊಂಡು ಬೇಸರದಲ್ಲಿದ್ದರು. ಪೂರ್ತಿ ಕೇಳಿಸಿಕೊಂಡರು.

"ಗೊಬ್ಬರದ ಖರ್ಚು ಉಳೀತು ಅನ್ನಿ. ಕಳೆ ತೆಗೆಯೋಕೆ ಆಳು ಎಲ್ಲಿಂದ ತರ್ತಾನೆ?"

"ಆಳಿಲ್ಲ ಗೌಡ್ರೆ. ಮಂತ್ರದ ಗೊಂಬೆಗಳನ್ನ ಇಟ್ಕೊಂಡಿದಾನೆ. ಆದ್ರೆ ಅವು ಯುದ್ಧಕ್ಕೆ."

"ಊಟ, ಲೈನ್ ಮನೆ?"

"ಏನೂ ಬೇಡ."

"ಅಡ್ವಾನ್ಸು?"

"ಅದೂ ಬೇಡ."

ಗೌಡರು ಕೊಡೆ ಮಡಚಿ ಜಗಲಿ ಹತ್ತಿ ಕೂತರು. "ಯುದ್ಧ ಹಾಳಾಗಲಿ. ಕಪಾತು ಬರುತ್ತಾ ವಿಚಾರಿಸಿ."