ಪಿನಾಕಿನಿ ದಂಡೆಯ ಭೂಕಂಪ

ಗೌರಿಬಿದನೂರು ಸೀಮೆಯ ಹೊಸೂರಿನ ಎಚ್. ನರಸಿಂಹಯ್ಯನವರು, ಎಲ್ಲರ ಎಚ್ಚೆನ್, ಹುಡುಗರಾಗಿದ್ದಾಗ ಬಸ್ಸಿಗೆ ಕಾಸಿಲ್ಲದೆ ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. ಮುಂದೆ ಅಲ್ಲಿನ ವಿಶ್ವವಿದ್ಯಾಲಯಕ್ಕೇ ಕುಲಪತಿಗಳಾದರು. ನಾನು ಬೆಂಗಳೂರಿನಿಂದ ಅದೇ ಸೀಮೆಗೆ ಸೈಕಲ್ ತುಳಿಯಲು ಹೋಗುತ್ತೇನೆ. ಕಾರಿನಲ್ಲಿ. ಸೈಕಲ್ಲು ಡಿಕ್ಕಿಯ ಹಿಂದೆ ನೇತಾಡಿಕೊಂಡು ಬರುತ್ತದೆ. ದೊಡ್ಡಬಳ್ಳಾಪುರ, ತೊಂಡೇಬಾವಿ ದಾಟಿ ಮಂಚೇನಹಳ್ಳಿ ಮುಟ್ಟುವಷ್ಟರಲ್ಲಿ ನನಗೆ ಸೊಂಟ ಹಿಡಿದಿರುತ್ತದೆ, ಸೈಕಲ್ಲು ಮಾತ್ರ ಲವಲವಿಕೆಯಿಂದ ಇರುತ್ತದೆ.

ಇದು ಸಾಮಾನ್ಯ ಸೈಕಲ್ಲಲ್ಲ, ಗ್ರಾವೆಲ್ ಬೈಕು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ನಲವತ್ತು ಮಿಲಿಮೀಟರ್ ಅಗಲದ ಟೈರು. ಒಳ್ಳೆಯ ರಸ್ತೆ ಕಂಡರೆ ತಪ್ಪಿಸಿಕೊಂಡು ಕೆಟ್ಟ ರಸ್ತೆ ಹುಡುಕಿಕೊಂಡು ಹೋಗುವುದಕ್ಕೆಂದೇ ಮಾಡಿದ್ದು. ಅಮೆರಿಕದ ಕಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಿಂದ ಜನ ಚಕಮಕಿ ಕಲ್ಲಿನ ದಾರಿಗಳಲ್ಲಿ 200 ಮೈಲಿ ತುಳಿಯುವ ಪಂದ್ಯ ನಡೆಸುತ್ತಾರೆ. ಅದರ ವಿಡಿಯೊಗಳನ್ನು ರಾತ್ರಿಯೆಲ್ಲ ನೋಡಿ ನನಗೂ ಕಾಡು, ನದಿ, ಜಲ್ಲಿದಾರಿಯ ಹುಚ್ಚು ಹತ್ತಿತು. ನಂದಿಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹತ್ತಿಳಿಯುವ ಮಿತ್ರರ ಸಹವಾಸ ಸಾಕಾಗಿದ್ದೂ ಒಂದು ಕಾರಣವೆನ್ನಿ. ಅವರು ಇಡ್ಲಿ ತಿನ್ನುವಾಗಲೂ ವ್ಯಾಟ್ ಲೆಕ್ಕ ಹೇಳುತ್ತಾರೆ. ನನ್ನ ತೊಡೆಯಿಂದ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಒಂದು ಝೀರೋ ಬಲ್ಬೂ ಹೊತ್ತುವುದಿಲ್ಲ ಎಂಬುದು ನನಗೆ ಗೊತ್ತು; ಅದನ್ನು ದಿನಾ ಕೇಳಿಸಿಕೊಳ್ಳಬೇಕೆ?

ಮಂಚೇನಹಳ್ಳಿಯ ಸುತ್ತ ಕಾಡೆಂದರೆ ಹೆಚ್ಚಾಗಿ ನೀಲಗಿರಿ ತೋಪು. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದ ತೋಟದಲ್ಲಿ ನೆಡಿಸಿದನೆಂದು ಹೇಳುವ ಮರ, ಈಗ ಜಿಲ್ಲೆಯ ಒಣಭೂಮಿಯಲ್ಲೆಲ್ಲ ನಿಂತಿದೆ. ಅಂತರ್ಜಲ ಹೀರುತ್ತದೆಂದು ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯವು ಕಡಿದಷ್ಟೂ ಚಿಗುರುತ್ತಿವೆ. ನದಿಯೆಂದರೆ ಉತ್ತರ ಪಿನಾಕಿನಿ. ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ 597 ಕಿ.ಮೀ. ಹರಿದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆಂದು ಪಠ್ಯಪುಸ್ತಕ ಹೇಳುತ್ತದೆ. ಇಲ್ಲಿ ಮಾತ್ರ ವರ್ಷದ ಬಹುಕಾಲ ಬಳ್ಳಾರಿ ಜಾಲಿ ಹೊದ್ದು ಮಲಗಿರುತ್ತದೆ. ನೀರು ತಾನಾಗಿ ಹೋಯಿತು, ಮರಳನ್ನು ಲಾರಿಗಳು ಹೊತ್ತವು. 2021ರ ನವೆಂಬರಿನ ಮಳೆಗೆ ಉಕ್ಕಿ ಬಂದಾಗ, ಇದು ನದಿಯಂತೆ ಎಂದು ಮಕ್ಕಳು ಸೇತುವೆಯ ಮೇಲೆ ನಿಂತು ನೋಡಿದವು. ಎಚ್ಚೆನ್ ನಡೆದು ಹೋದ ಬೆಂಗಳೂರಿನಿಂದ ಈಗ ಜಿಲ್ಲೆಯ ಕೆರೆಗಳಿಗೆ ಎಚ್‌ಎನ್ ವ್ಯಾಲಿ ನೀರು ಬರುತ್ತಿದೆ: ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು. ನಾವು ಬಳಸಿ ಬಿಟ್ಟಿದ್ದನ್ನು ಇವರು ತುಂಬಿಕೊಳ್ಳಬೇಕು.

ಇರಲಿ. ನಾನು ಬಿದ್ದ ಕಥೆಗೆ ಬರುತ್ತೇನೆ.

ಈ ಸೈಕಲ್ಲಿಗೆ ತಕ್ಕ ಶೂಗಳ ತಳದಲ್ಲಿ ಒಂದು ಕಬ್ಬಿಣದ ಕೊಕ್ಕೆ. ಪೆಡಲಿಗೆ ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ನದಿದಂಡೆಯ ಒಂದು ಹಳ್ಳಿಯಲ್ಲಿ, ಬೆಳಗಿನ ಹಾಲು ಹಾಕುವ ಹೊತ್ತಿನಲ್ಲಿ, ಡೈರಿಯ ಮುಂದೆ ದಾರಿ ಕೇಳಲು ನಿಂತೆ. ಊರಿಗೆ ಊರೇ ಕ್ಯಾನು ಹಿಡಿದು ಸಾಲಿನಲ್ಲಿತ್ತು. ಸೈಕಲ್ಲು ನಿಂತಿತು. ಕಾಲು ನೆಲಕ್ಕೆ ಬರಬೇಕಿತ್ತು, ಬರಲಿಲ್ಲ. ವೇಗದಲ್ಲಿ ಬಿದ್ದವರಿಗೆ ಬಿದ್ದದ್ದು ಬಿದ್ದಮೇಲೇ ಗೊತ್ತಾಗುತ್ತದೆ. ನಿಂತಲ್ಲೇ ಬೀಳುವವನಿಗೆ ಪೂರ್ವಾಪರ ಯೋಚಿಸಲು ಪುರುಸೊತ್ತು ಸಿಗುತ್ತದೆ. ಎಡಕ್ಕೆ ವಾಲುತ್ತಿದ್ದೇನೆ ಎಂದು ನನಗೆ ತಿಳಿಯಿತು. ಸಾಲಿನ ಮೊದಲನೆಯವನಿಗೂ ತಿಳಿಯಿತು. ಅವನು ಕ್ಯಾನು ಕೆಳಗಿಟ್ಟ. ಹಿಡಿಯಲು ಬರುತ್ತಾನೆ ಅಂದುಕೊಂಡೆ. ಸರಿಯಾಗಿ ನೋಡಲು ಇಟ್ಟಿದ್ದ. ನಮಸ್ಕಾರ ಎಂದು ಶುರುಮಾಡಿದ ನನ್ನ ಮಾತು ಇನ್ನೂ ಬಾಯಲ್ಲಿತ್ತು, ಅರ್ಧಕ್ಕೆ ಬಿಡುವುದು ಸಭ್ಯತೆಯಲ್ಲವೆಂದು ವಾಲಿಕೊಂಡೇ ಮುಗಿಸಿದೆ. ಒಂದು ನಾಯಿ ಎದ್ದು ಜಾಗ ಬಿಟ್ಟುಕೊಟ್ಟಿತು. "ಪಡಿಪೋತಾಡು, ಪಡಿಪೋತಾಡು" ಎಂದು ಯಾರೋ ತೆಲುಗಿನಲ್ಲಿ ಮುನ್ಸೂಚನೆ ಕೊಟ್ಟರು, ಬೀಳ್ತಾನೆ ಅಂತ. ಬೇರೇನೂ ಹಿಡಿಯಲು ಸಿಗದೆ ನನ್ನದೇ ಹೆಲ್ಮೆಟ್ ಹಿಡಿದುಕೊಂಡೆ. ಆಮೇಲೆ, ಎಲ್ಲರಿಗೂ ಸಾಕಷ್ಟು ಸಮಯ ಕೊಟ್ಟು, ಬಿದ್ದೆ.

ಒಳಗೆ ಕೂತಿದ್ದ ಅಜ್ಜಿಯೊಬ್ಬರು ಸದ್ದಿಗೆ ಹೊರಬಂದು, "ಏಮೈಂದ್ರಾ, ಮಳ್ಳೀ ಭೂಮಿ ಅದಿರಿಂದಾ?" ಎಂದರು. ಏನಾಯ್ತೋ, ಮತ್ತೆ ಭೂಮಿ ನಡುಗಿತಾ ಅಂತ.

ಅಜ್ಜಿ ಕೇಳಿದ್ದು ತಮಾಷೆಗಲ್ಲ. 2021ರ ಆ ಮಳೆಯಾದ ಮೇಲೆ, ಡಿಸೆಂಬರ್ 22ರ ಬೆಳಿಗ್ಗೆ, ಮಂಡಿಕಲ್ಲು ಕಡೆಯ ಹಳ್ಳಿಗಳಲ್ಲಿ ಐದು ನಿಮಿಷದ ಅಂತರದಲ್ಲಿ ಎರಡು ಸಲ ನೆಲ ನಡುಗಿತ್ತು, 2.9 ಮತ್ತು 3.0ರ ತೀವ್ರತೆ. ಒಣಗಿದ ಬಂಡೆಗಳ ಸಂದಿಗೆ ಬಹಳ ಕಾಲದ ಮೇಲೆ ನೀರಿಳಿದದ್ದರಿಂದ ಹೀಗಾಯಿತೆಂದು ವಿಜ್ಞಾನಿಗಳು ಸಮಾಧಾನ ಹೇಳಿದ್ದರು. ಅದೂ ಅಲ್ಲದೆ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳಿವೆ. 1965ರಲ್ಲಿ ಬ್ರಿಟಿಷರ ಸಹಕಾರದಿಂದ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಮೈಲಿಗಟ್ಟಲೆ ಹರಡಿ ಹೂಡಿದ್ದು. ದೂರದೇಶಗಳಲ್ಲಿ ಗುಟ್ಟಾಗಿ ಅಣುಬಾಂಬ್ ಸಿಡಿಸಿದರೂ ಇಲ್ಲಿ ಮುಳ್ಳು ಅಲ್ಲಾಡುತ್ತದೆ. ಎಂಬತ್ತೆಂಟು ಕೆಜಿಯ ನಾನು ಇಷ್ಟು ಹತ್ತಿರದಲ್ಲಿ ಬಿದ್ದದ್ದು ಅಲ್ಲಿ ದಾಖಲಾಗದೆ ಇರುತ್ತದೆಯೆ? ಯಾರೋ ಅಧಿಕಾರಿ ಕಾಗದ ನೋಡಿ ಗಾಬರಿಯಿಂದ ದೆಹಲಿಗೆ ಫೋನ್ ಮಾಡುತ್ತಿರುವ ಚಿತ್ರ ನನಗೆ ನೆಲದಲ್ಲಿದ್ದಾಗಲೇ ಬಂತು, ಒಂದಿಷ್ಟು ಹೆಮ್ಮೆಯೂ ಆಯಿತು.

ಎತ್ತಿ ನಿಲ್ಲಿಸಿದರು. ಜಾಲಿಮುಳ್ಳು ಚುಚ್ಚಿ ಮುಂದಿನ ಟೈರು ಬುಸುಗುಟ್ಟುತ್ತಿತ್ತು. ಇದಕ್ಕೆ ಟ್ಯೂಬಿಲ್ಲ, ತೂತು ತಾನೇ ಮುಚ್ಚಿಕೊಳ್ಳಲೆಂದು ಒಳಗೆ ಬಿಳಿಯ ದ್ರವ ತುಂಬಿರುತ್ತಾರೆ. ಅದು ನೊರೆನೊರೆಯಾಗಿ ಚಿಮ್ಮಿತು. ಸಾಲು ಸ್ತಬ್ಧವಾಯಿತು. ಡೈರಿ ಕಾರ್ಯದರ್ಶಿ ಕಿಟಕಿಯಿಂದ ಕತ್ತು ಹೊರಹಾಕಿ ಗಂಭೀರವಾಗಿ ಕೇಳಿದ: "ಫ್ಯಾಟ್ ಎಷ್ಟು ಬರುತ್ತೆ ಸಾರ್?"

ಬೆಲೆ ಕೇಳಿದರು. ನಿಜ ಹೇಳಿದ್ದರೆ ಒಂದು ಸೀಮೆಹಸುವಿನ ಮೇಲೆ ಕರುವೂ ಬರುತ್ತಿತ್ತು. ಹದಿನೈದು ಸಾವಿರ ಎಂದೆ. "ಮೋಸ ಹೋದ್ರಿ. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ" ಎಂದು ಮರುಗಿದರು. ಜಲ್ಲಿದಾರಿ ಹುಡುಕುತ್ತಿದ್ದೇನೆ ಎಂದಾಗ ಒಬ್ಬ ಯುವಕ, "ಪೇರೇಸಂದ್ರದ ಕಡೆ ಹೋಗಿ ಸಾರ್, ಲೋಡುಗಟ್ಟಲೆ ಇದೆ" ಅಂದ.

ಕೆಲವರು ನಕ್ಕರು, ಕೆಲವರು ನಗಲಿಲ್ಲ. ಪೇರೇಸಂದ್ರದ ಹತ್ತಿರದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯ ಒಂದು ನಡುರಾತ್ರಿ, ಕಲ್ಲು ಕ್ವಾರಿಯ ಜೆಲಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತಿದ್ದರು. ಇಲ್ಲಿನ ಬೆಟ್ಟಗಳು ಜಲ್ಲಿಯಾಗಿ ಬೆಂಗಳೂರಿಗೆ ಹೋಗುತ್ತವೆ. ನನ್ನ ಮನೆಯ ತಾರಸಿಯಲ್ಲೂ ಒಂದು ಚೂರು ಇದ್ದೀತು.

ಅಷ್ಟರಲ್ಲಿ ಅಜ್ಜಿ ನನ್ನ ಹೆಲ್ಮೆಟ್ಟು, ಹ್ಯಾಂಡಲ್ ಮೇಲಿನ ಮೀಟರು, ಅಂಟಿಕೊಂಡ ಚಡ್ಡಿ ಎಲ್ಲ ನೋಡಿ ತೀರ್ಮಾನಕ್ಕೆ ಬಂದಿದ್ದರು. "ರಸ್ತೆ ಸರ್ವೇಗೆ ಬಂದೋರು ತಾನೆ? ಬರ್ಕೊಳ್ಳಪ್ಪ. ನಮ್ಮ ಸೊಸೆಗೆ ನೋವು ಬಂದು ಆಟೋದಲ್ಲಿ ಕರ್ಕೊಂಡು ಹೋದ್ರೆ ಅರ್ಧ ದಾರೀಲೇ ಹೆರಿಗೆ ಆಯ್ತು. ನೀನೇ ನಿಂತಲ್ಲೇ ಬಿದ್ದೆಯಲ್ಲ, ಇನ್ನೇನ್ ಸಾಕ್ಷಿ ಬೇಕು?" ನೀಲಗಿರಿ ತೋಪಿನ ನಡುವೆ ನದಿಯವರೆಗೆ ಹೋಗುವ ಆ ಕೆಮ್ಮಣ್ಣಿನ ದಾರಿ ನಾನು ಕಂಡ ದಾರಿಗಳಲ್ಲೆಲ್ಲ ಸುಂದರವಾದದ್ದು. ಅಜ್ಜಿಯ ಮುಂದೆ ಹಾಗೆನ್ನುವುದು ಹೇಗೆ? ಫೋನು ತೆಗೆದು ಬರೆದುಕೊಂಡೆ. ಗುಂಡಿಗಳ ಫೋಟೊನೂ ಹೊಡೆದೆ. ಅವರು ತೋರಿಸಿದಂತೆಲ್ಲ "ಹ್ಞೂಂ, ಇದು ಆಳ ಇದೆ" ಎನ್ನುತ್ತಾ ಅಧಿಕಾರಿಯ ಗತ್ತಿನಲ್ಲಿ ಕುಂಟಿದೆ.

ಮುಂದಿನ ಚಳಿಗಾಲಕ್ಕೆ ಹೋದಾಗ ದಾರಿಗೆ ಡಾಂಬರು ಬಿದ್ದಿತ್ತು. ನನ್ನದೇನೂ ಪಾತ್ರವಿಲ್ಲ. ಆದರೆ ಡೈರಿಯ ಮುಂದೆ ನನ್ನನ್ನು ಗುರುತು ಹಿಡಿದು ಕಟ್ಟೆಯ ಮೇಲೆ ಕೂರಿಸಿದರು, ಕಾಫಿ ಕೊಟ್ಟರು. "ನೀವು ಬಿದ್ದಿದ್ದಕ್ಕೇ ರಸ್ತೆ ಆಯ್ತು ಸಾರ್" ಎಂದು ಕಾರ್ಯದರ್ಶಿ ಕೈ ಕುಲುಕಿದ. ನನ್ನ ದಾರಿಯನ್ನು ನಾನೇ ಕೈಯಾರೆ ಮುಗಿಸಿದ ಕೀರ್ತಿಯನ್ನು ತಲೆಬಾಗಿ ಸ್ವೀಕರಿಸಿ ಹೊರಟೆ.

ಹೊಸ ಡಾಂಬರಿನ ಉದ್ದಕ್ಕೂ ಹುರುಳಿ ಒಕ್ಕಣೆಗೆ ಹರಡಿದ್ದರು. ಬದಿಯಿಂದ ಜಾರಿಕೊಳ್ಳಲು ನೋಡಿದೆ. ಅಜ್ಜಿ ಕೋಲು ಅಡ್ಡ ಹಿಡಿದರು.

"ಪಕ್ಕದಲ್ಲೇಕೆ ಹೋಗ್ತೀಯಪ್ಪ? ಮೇಲೇ ಹತ್ತಿಸು. ಒಳ್ಳೆ ಅಗಲದ ಟೈರು ಐತೆ, ಹಂಗೇ ಎರಡು ಸಲ ಹೋಗಿ ಬಾ."

ಹೋಗಿ ಬಂದೆ.